ಕೊಡಗಿನಲ್ಲಿ ಸ್ವತಂತ್ರ ಜಾಝ್ ತಂಡ ಕಟ್ಟಿ ಉಳಿಸಿಕೊಳ್ಳುವ ಬಗೆ

ಕೊಡಗಿನಲ್ಲಿ ಜಾಝ್ ತಂಡ ಕಟ್ಟಬೇಕೆಂದಿರುವವರು ವಾದ್ಯಗಳ ಬೆಲೆ ವಿಚಾರಿಸುವ ಮೊದಲು ವರ್ಷದ ಹನ್ನೆರಡು ತಿಂಗಳ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಇಲ್ಲಿ ಸಂಗೀತ ತಂಡಗಳು ಚದುರಿಹೋಗುವುದಕ್ಕೆ ಸ್ವರಜ್ಞಾನದ ಕೊರತೆಗಿಂತ ಕಾಫಿ ಮತ್ತು ಮಳೆ ಹೆಚ್ಚು ಕಾರಣ. ನವೆಂಬರ್ ಕೊನೆಯ ಹೊತ್ತಿಗೆ ಅರೇಬಿಕಾ ಕೊಯ್ಲು ಬಿರುಸಾಗುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು ನಡೆಯುತ್ತದೆ, ಅದು ಮುಗಿಯುವ ಮೊದಲೇ ಹೂಮಳೆಗೆ ಕಾಯುವ ಇಲ್ಲವೇ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸುವ ಗಡಿಬಿಡಿ ಶುರುವಾಗುತ್ತದೆ. ಈ ದಿನಗಳಲ್ಲಿ ತೋಟದ ಮನೆಯ ಹುಡುಗ ಸಂಜೆ ಆರಕ್ಕೆ ತಾಲೀಮಿಗೆ ಬರುತ್ತೇನೆಂದು ಮಾತು ಕೊಟ್ಟರೂ ಆ ಮಾತನ್ನು ಪೂರ್ತಿ ನಂಬಬಾರದು, ಬಾರದಿದ್ದರೆ ಬೇಸರಪಡಲೂಬಾರದು. ಏಪ್ರಿಲ್, ಮೇ ತಿಂಗಳುಗಳು ಮದುವೆಗೆ ಹೋಗುತ್ತವೆ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅದರಲ್ಲಿಯೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದಲ್ಲಿ ಶುಭಕಾರ್ಯಗಳಿಲ್ಲ, ಪ್ರವಾಸಿಗರು ಕಡಿಮೆ, ಕಾರ್ಯಕ್ರಮಗಳಂತೂ ಇಲ್ಲವೇ ಇಲ್ಲ.

ಈ ನಾಲ್ಕು ತಿಂಗಳನ್ನು ಹೆಚ್ಚಿನವರು ನಷ್ಟದ ಖಾತೆಗೆ ಬರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ತಂಡಗಳಿಗೆ ಸಿಗದ ಅನುಕೂಲ ಇದೊಂದೇ. ಅಲ್ಲಿನವರು ವಾರಾಂತ್ಯದ ಕಾರ್ಯಕ್ರಮಗಳ ನಡುವೆ ಸಿಕ್ಕ ಸಮಯದಲ್ಲಿ ಕಲಿಯಬೇಕು. ಇಲ್ಲಿ ಕೇಳುಗರಿಲ್ಲದ, ಅವಸರವಿಲ್ಲದ ಒಂದು ದೊಡ್ಡ ಅವಧಿ ಪ್ರತಿವರ್ಷವೂ ತಾನಾಗಿ ಬರುತ್ತದೆ. ತಂಡದ ಎಲ್ಲ ಏರ್ಪಾಡನ್ನೂ ಈ ಅವಧಿಯ ಸುತ್ತ ಕಟ್ಟಬೇಕು: ಮಳೆಗಾಲದಲ್ಲಿ ಕಲಿಯುವುದು, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ ಧ್ವನಿಮುದ್ರಿಸುವುದು, ಒಣ ತಿಂಗಳುಗಳಲ್ಲಿ ನುಡಿಸಿ ಸಂಪಾದಿಸುವುದು.

ಮೂವರಿಂದ ಆರಂಭ

ಮೊದಲ ವರ್ಷಕ್ಕೆ ಗಿಟಾರ್ ಅಥವಾ ಕೀಬೋರ್ಡ್, ಬಾಸ್ (ತಗ್ಗು ಸ್ವರಗಳ ತಂತಿವಾದ್ಯ), ಡ್ರಮ್ಸ್ ಈ ಮೂರು ಸಾಕು. ಮೂವರು ಮತ್ತು ಅವರ ಸಾಮಾನು ಒಂದೇ ಜೀಪಿನಲ್ಲಿ ಹಿಡಿಸುತ್ತದೆ ಎಂಬುದು ಸಣ್ಣ ಕಾರಣವೇನಲ್ಲ. ನಾಲ್ಕನೆಯವರಾಗಿ ಗಾಯಕರೋ ಸ್ಯಾಕ್ಸೋಫೋನ್ ವಾದಕರೋ ಬರಲಿ, ಆದರೆ ಈ ಮೂವರು ಯಾರ ನೆರವೂ ಇಲ್ಲದೆ ಅರ್ಧ ಗಂಟೆ ನುಡಿಸಿ ನಿಭಾಯಿಸುವಂತಾದ ಮೇಲೆ ಬರಲಿ. ದೊಡ್ಡ ಡಬಲ್ ಬಾಸ್ ನೋಡಲು ಚೆಂದವಾದರೂ ಘಟ್ಟದ ರಸ್ತೆಗೂ ಇಲ್ಲಿನ ತೇವಕ್ಕೂ ಸುಲಭವಾಗಿ ಒಗ್ಗುವುದಿಲ್ಲ. ಎಲೆಕ್ಟ್ರಿಕ್ ಬಾಸ್‌ನಿಂದಲೇ ಆರಂಭಿಸಬಹುದು. ಡ್ರಮ್ಸ್ ಕೊಳ್ಳುವಾಗ 18 ಅಥವಾ 20 ಇಂಚಿನ ಬಾಸ್ ಡ್ರಮ್ ಇರುವ ಸಣ್ಣ ಸೆಟ್ಟನ್ನು ಆರಿಸಿ, ಉಳಿಸಿದ ಹಣವನ್ನು ಒಂದು ಒಳ್ಳೆಯ ರೈಡ್ ಸಿಂಬಲ್‌ಗೆ (ಕೋಲಿನಿಂದ ಬಡಿಯುವ ದೊಡ್ಡ ಲೋಹದ ತಟ್ಟೆಗೆ) ಹಾಕಬೇಕು. ಜಾಝ್‌ನಲ್ಲಿ ಕಾಲವನ್ನು ಹಿಡಿದು ನಡೆಸುವುದು ಮುಖ್ಯವಾಗಿ ಆ ಸಿಂಬಲ್.

ಜನರನ್ನು ಎಲ್ಲಿ ಹುಡುಕುವುದು? ಚರ್ಚಿನ ಗಾಯನವೃಂದಗಳಲ್ಲಿ ಸ್ವರಮೇಳದ ಅಭ್ಯಾಸವಿರುವವರು ಸಿಗುತ್ತಾರೆ. ಸೈನ್ಯಕ್ಕೆ ಇಷ್ಟೊಂದು ಜನರನ್ನು ಕಳುಹಿಸಿದ ಜಿಲ್ಲೆಯಲ್ಲಿ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದವರು ಇದ್ದಾರೆಯೇ ಎಂದು ಮಾಜಿ ಸೈನಿಕರ ಸಂಘಗಳಲ್ಲಿ ವಿಚಾರಿಸಬೇಕು. ಅಂಥ ಒಬ್ಬರು ಸಿಕ್ಕಿದರೂ ನೊಟೇಶನ್ ಓದುವುದನ್ನು ಇಡೀ ತಂಡಕ್ಕೆ ಕಲಿಸಬಲ್ಲರು. ಸ್ಯಾಕ್ಸೋಫೋನ್ ಬೇಕಾದರೆ ಸಂಪಾಜೆ ಘಾಟಿ ಇಳಿಯಬೇಕು. ಸುಳ್ಯ, ಪುತ್ತೂರು ಕಡೆಯ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ಈಗ ಮಂಗಳವಾದ್ಯವೇ ಆಗಿದೆ. ಇದಕ್ಕೆ ಕಾರಣರಾದವರು ದಕ್ಷಿಣ ಕನ್ನಡದವರೇ ಆದ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯದ ದನಿ ಕೇಳಿ ಮನಸೋತ ಅವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು, 2008ರಲ್ಲಿ ಅಮೆರಿಕದ ಮತ್ತೊಬ್ಬ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆಗೂಡಿ ನುಡಿಸಿದ ಧ್ವನಿಮುದ್ರಿಕೆ ಹೊರಬಂತು. ಆ ಪರಂಪರೆಯ ವಾದಕರಿಗೆ ಉಸಿರಿನ ಹಿಡಿತ, ಬೆರಳಿನ ವೇಗ, ಗಮಕ ಎಲ್ಲವೂ ಇರುತ್ತವೆ. ಅವರಿಗೆ ಹೊಸದೆನಿಸುವುದು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಬದಲಾವಣೆಯೊಂದೇ. ಜಾಝ್ ನುಡಿಸಬೇಕಾದರೆ ಗಮಕ ಬಿಡಬೇಕು ಎಂದು ಅವರಿಗೆ ಹೇಳುವುದು ಶುದ್ಧ ಅವಿವೇಕ.

ತಾಲೀಮಿನ ಕೋಣೆ, ವಾದ್ಯದ ಆರೈಕೆ

ತಗಡಿನ ಮಾಡಿನ ಕೆಳಗೆ ಮಳೆಗಾಲದ ತಾಲೀಮು ಸಾಗುವುದಿಲ್ಲ. ಮಳೆ ಜೋರಾದರೆ ಬ್ರಷ್‌ನಿಂದ ನುಡಿಸುವ ಸ್ನೇರ್ ಡ್ರಮ್ ಪಕ್ಕದಲ್ಲಿ ನಿಂತವರಿಗೂ ಕೇಳಿಸದು. ಆಗ ಎಲ್ಲರೂ ಶಬ್ದ ಏರಿಸುತ್ತಾರೆ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗುತ್ತದೆ. ಹೆಂಚಿನ ಮಾಡು, ಅದರ ಕೆಳಗೆ ಮರದ ಅಟ್ಟ ಇರುವ ಹಳೆಯ ಮನೆಯ ಕೋಣೆ ಉತ್ತಮ. ಕಾಫಿ ಮಾರಿದ ಮೇಲೆ ಖಾಲಿಯಾಗುವ ಗೋದಾಮನ್ನೂ ಕೇಳಿ ನೋಡಬಹುದು. ಎರಡು ಗೋಡೆಗಳಿಗೆ ಖಾಲಿ ಗೋಣಿಚೀಲಗಳನ್ನು ಎರಡೆರಡು ಪದರವಾಗಿ ತೂಗುಹಾಕಿದರೆ ಪ್ರತಿಧ್ವನಿ ಸಾಕಷ್ಟು ಅಡಗುತ್ತದೆ.

ಮರದ ವಾದ್ಯಗಳಿಗೆ ಗಾಳಿಯ ತೇವಾಂಶ ಶೇ. 45ರಿಂದ 55ರ ಒಳಗಿದ್ದರೆ ಕ್ಷೇಮ. ನಮ್ಮ ಜುಲೈ ತಿಂಗಳಲ್ಲಿ ಅದು ಕನಸಿನ ಮಾತು. ಆದ್ದರಿಂದ ಕೋಣೆಯನ್ನು ಒಣಗಿಸುವ ಬದಲು ಪೆಟ್ಟಿಗೆಯನ್ನು ಒಣಗಿಸಬೇಕು: ಗಿಟಾರ್ ಕೇಸಿನಲ್ಲಿ ಸಿಲಿಕಾ ಜೆಲ್ ಇಟ್ಟು, ಅದು ಬಣ್ಣ ಬದಲಿಸಿದಾಗ ತೆಗೆದು ಬಿಸಿಮಾಡಿ ಮತ್ತೆ ಇಡಬೇಕು. ಕಪಾಟಿನಲ್ಲಿ ಬಲ್ಬು ಉರಿಸಿಡುವ ಹಳೆಯ ಉಪಾಯ ಈಗಲೂ ನಡೆಯುತ್ತದೆ, ಆದರೆ ಅದಕ್ಕೆ ತಂತಿಯ ಹಳೆಯ ಬಲ್ಬೇ ಬೇಕು, ಎಲ್‌ಇಡಿ ಬಲ್ಬಿನ ಕಾವು ಸಾಲದು. ಸ್ಯಾಕ್ಸೋಫೋನ್‌ನಲ್ಲಿ ಜಿ-ಶಾರ್ಪ್ ಕೀಲಿ ಮಳೆಗಾಲದಲ್ಲಿ ಪದೇ ಪದೇ ಅಂಟಿಕೊಳ್ಳುತ್ತದೆ. ಆ ರಂಧ್ರ ನುಡಿಸದಿರುವಾಗಲೂ ಮುಚ್ಚಿಯೇ ಇರುವುದರಿಂದ ಪ್ಯಾಡಿನ ಚರ್ಮ ಒಣಗಲು ಅವಕಾಶವಿರುವುದಿಲ್ಲ. ಸಿಗರೇಟು ಸುತ್ತುವ ತೆಳುಕಾಗದವನ್ನು ಪ್ಯಾಡಿನ ಕೆಳಗಿಟ್ಟು, ಪ್ಯಾಡನ್ನು ಹಗುರಾಗಿ ಒತ್ತಿ ಹಿಡಿದು ಬಿಟ್ಟು, ಮತ್ತೊಂದು ಒಣ ತುಂಡಿನಿಂದ ಹಾಗೆಯೇ ಮಾಡಿದರೆ ತೇವ ಕಾಗದಕ್ಕೆ ಇಳಿಯುತ್ತದೆ. ಕೆಲವರು ಟಾಲ್ಕಂ ಪೌಡರ್ ಉದುರಿಸುತ್ತಾರೆ. ಅದು ತೇವದೊಡನೆ ಸೇರಿ ಪ್ಯಾಡನ್ನೇ ಕೆಡಿಸುತ್ತದೆ.

ಕರೆಂಟು ಹೋಗುವುದು ಇದ್ದದ್ದೇ. ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಹಾಕುವುದಾದರೆ ಪ್ಯೂರ್ ಸೈನ್ ವೇವ್ ಬಗೆಯದನ್ನೇ ಕೊಳ್ಳಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗಿಟಾರಿಗಿಂತ ಮೊದಲು ‘ಝುಂಯ್’ ಎಂಬ ಸದ್ದು ಹೊರಬರುತ್ತದೆ.

ಮಳೆಗಾಲದ ಪಾಠ

ಹನ್ನೆರಡು ಬಾರ್‌ಗಳ (ಬಾರ್ ಎಂದರೆ ಇಲ್ಲಿ ನಾಲ್ಕು ಪೆಟ್ಟುಗಳ ಒಂದು ಅಳತೆ) ಬ್ಲೂಸ್ ಎಂಬ ರಚನೆ ಎಲ್ಲಕ್ಕೂ ಅಡಿಪಾಯ. ಎಫ್ ಸ್ವರದಲ್ಲಿ ಆರಂಭಿಸಿದರೆ ನಾಲ್ಕು ಬಾರ್ ಎಫ್-ಸೆವೆನ್ ಕಾರ್ಡ್, ಎರಡು ಬಾರ್ ಬಿ-ಫ್ಲಾಟ್-ಸೆವೆನ್, ಮತ್ತೆ ಎರಡು ಬಾರ್ ಎಫ್-ಸೆವೆನ್, ಒಂದೊಂದು ಬಾರ್ ಸಿ-ಸೆವೆನ್ ಮತ್ತು ಬಿ-ಫ್ಲಾಟ್-ಸೆವೆನ್, ಕೊನೆಗೆ ಎರಡು ಬಾರ್ ಎಫ್-ಸೆವೆನ್. ಇದು ನಮ್ಮ ತಾಳದ ಆವರ್ತದಂತೆ ಸುತ್ತಿ ಸುತ್ತಿ ಬರುತ್ತದೆ. ನುಡಿಸುವವನು ಎಲ್ಲಿದ್ದಾನೆಂಬುದು ಎಣಿಸದೆಯೇ ಎಲ್ಲರಿಗೂ ತಿಳಿಯುವವರೆಗೆ ಇದನ್ನೊಂದನ್ನೇ ನುಡಿಸಬೇಕು. ಜೂನ್ ಇಡೀ ಇದಕ್ಕೇ ಹೋದರೂ ಚಿಂತೆಯಿಲ್ಲ. ಪರೀಕ್ಷೆ ಹೀಗೆ: ಡ್ರಮ್ಸ್ ಹೊರತು ಉಳಿದವರೆಲ್ಲ ಹನ್ನೆರಡು ಬಾರ್ ಸುಮ್ಮನಿದ್ದು, ಹದಿಮೂರನೆಯ ಬಾರಿನ ಮೊದಲ ಪೆಟ್ಟಿಗೆ ಒಟ್ಟಿಗೆ ಬರಬೇಕು. ಕಲ್ಪನಾಸ್ವರ ಹಾಡಿ ಎಡುಪಿಗೆ (ಸಾಹಿತ್ಯ ಆರಂಭವಾಗುವ ತಾಳದ ಜಾಗಕ್ಕೆ) ಬಂದು ಸೇರುವ ಅಭ್ಯಾಸವಿರುವವರಿಗೆ ಇದು ಬೇಗ ಒಲಿಯುತ್ತದೆ.

ಜಾಝ್‌ನ ತೂಗಾಡುವ ಲಯವಾದ ಸ್ವಿಂಗ್ ಎಂಬುದನ್ನು ವಿವರಿಸಲು ತಿಶ್ರ ನಡೆಯನ್ನು ಬಳಸಬಹುದು. ಒಂದು ಪೆಟ್ಟಿನೊಳಗೆ ‘ತಕಿಟ’ ಎಂದು ಹೇಳಿಕೊಂಡು, ನಡುವಿನ ‘ಕಿ’ಯನ್ನು ನುಂಗಿ, ‘ತ’ ಮತ್ತು ‘ಟ’ ಮಾತ್ರ ನುಡಿಸಿದರೆ ಸ್ವಿಂಗ್‌ನ ಹತ್ತಿರಕ್ಕೆ ಬಂದಂತೆ. ಹತ್ತಿರಕ್ಕೆ ಮಾತ್ರ, ವೇಗ ಹೆಚ್ಚಿದಂತೆ ಈ ಎರಡು ಅಕ್ಷರಗಳ ಅಂತರ ಸಮನಾಗುತ್ತ ಹೋಗುತ್ತದೆ, ಅದನ್ನು ಲೆಕ್ಕದಿಂದ ಕಲಿಯಲಾಗದು, ಒಳ್ಳೆಯ ಡ್ರಮ್ಮರ್‌ಗಳನ್ನು ಕೇಳಿಯೇ ಕಲಿಯಬೇಕು. ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್) ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಬೀಳಬೇಕು. ಟಿಕ್ ಎಂದು ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಅದರ ಟಿಕ್ ಅನ್ನು ಎರಡು ಮತ್ತು ನಾಲ್ಕು ಎಂದು ಎಣಿಸುತ್ತ 120ರ ವೇಗದಲ್ಲಿ ನುಡಿಸುವುದು ಇದಕ್ಕೆ ಒಳ್ಳೆಯ ಸಾಧನೆ. ರಾಕ್ ನುಡಿಸಿ ಬಂದ ಡ್ರಮ್ಮರ್‌ಗಳಿಗೆ ಮೊದಲ ಕೆಲವು ವಾರ ಕೈ ಕಟ್ಟಿದಂತಾಗುತ್ತದೆ. ಬಾಸ್ ಡ್ರಮ್ಮಿನ ಪೆಡಲನ್ನೇ ತೆಗೆದಿಟ್ಟು ತಾಲೀಮು ಮಾಡಿಸುವುದು ಕಠಿಣವೆನಿಸಿದರೂ ಫಲ ಕೊಡುತ್ತದೆ.

ಬ್ಲೂಸ್ ಕೈವಶವಾದ ಮೇಲೆ ಮೋಡಲ್ ಜಾಝ್‌ಗೆ ಹೋಗುವುದು ಕನ್ನಡ ನಾಡಿನ ಕಿವಿಗಳಿಗೆ ಸಹಜ ದಾರಿ ಎಂದು ನನಗನ್ನಿಸುತ್ತದೆ. ಇದರಲ್ಲಿ ಕಾರ್ಡ್‌ಗಳು ಪದೇ ಪದೇ ಬದಲಾಗುವುದಿಲ್ಲ; ಎಂಟು, ಹದಿನಾರು ಬಾರ್‌ಗಳವರೆಗೂ ಒಂದೇ ಸ್ವರಶ್ರೇಣಿ ಇರುತ್ತದೆ. ಡೋರಿಯನ್ ಎಂಬ ಶ್ರೇಣಿಯ ಸ್ವರಗಳು ಖರಹರಪ್ರಿಯದವು, ಮಿಕ್ಸೋಲಿಡಿಯನ್ ಎಂಬುದರ ಸ್ವರಗಳು ಹರಿಕಾಂಭೋಜಿಯವು. ಬ್ಲೂಸ್‌ನಲ್ಲಿ ಮತ್ತೆ ಮತ್ತೆ ಬರುವ ಮೈನರ್ ಪೆಂಟಟೋನಿಕ್‌ನಲ್ಲಿ ಶುದ್ಧ ಧನ್ಯಾಸಿಯ ಐದು ಸ್ವರಗಳೇ ಇವೆ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲವೆಂಬುದು ಬಲ್ಲವರಿಗೆಲ್ಲ ಗೊತ್ತು, ಆದರೆ ಸುಳ್ಯದಿಂದ ಬಂದ ಸ್ಯಾಕ್ಸೋಫೋನ್ ವಾದಕರು ಮೊದಲ ದಿನವೇ ಅಳುಕಿಲ್ಲದೆ ತುಟಿಗಿಡಲು ಇಷ್ಟು ಸಾಕು. ಮೂವತ್ತೆರಡು ಬಾರ್‌ಗಳ, ಕಾರ್ಡ್‌ಗಳು ದಟ್ಟವಾಗಿರುವ ಸ್ಟ್ಯಾಂಡರ್ಡ್‌ಗಳನ್ನು (ಜಾಝ್‌ನವರೆಲ್ಲ ನುಡಿಸುವ ಹಳೆಯ ಹಾಡುಗಳನ್ನು) ಇದಾದ ಮೇಲೆ ತೆಗೆದುಕೊಳ್ಳಬೇಕು.

ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಹತ್ತು ಹನ್ನೆರಡು ಕೃತಿಗಳು ಸಿದ್ಧವಾಗಿದ್ದರೆ ತೊಂಬತ್ತು ನಿಮಿಷದ ಕಾರ್ಯಕ್ರಮಕ್ಕೆ ಸಾಕು. ಅವುಗಳಲ್ಲಿ ಎರಡಾದರೂ ತಂಡದವರೇ ರಚಿಸಿದವಾಗಿರಲಿ.

ವಾಲಗದ ಜೊತೆ

ಕೊಡಗಿನ ತಂಡವೆಂದ ಮೇಲೆ ಇಲ್ಲಿನ ಹಬ್ಬ-ಮದುವೆಗಳ ವಾದ್ಯಮೇಳವಾದ ವಾಲಗವನ್ನು ಜಾಝ್‌ಗೆ ಸೇರಿಸಿ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಮೂರು ಮೂರರ ಗುಂಪಿನಲ್ಲಿ ಸಾಗುವ ವಾಲಗದ ಆರು-ಎಂಟರ ಲಯಕ್ಕೂ ಜಾಝ್‌ನ ಹನ್ನೆರಡು-ಎಂಟರ ಲಯಕ್ಕೂ ಹೊಂದಾಣಿಕೆಯಿದೆ. ನಾಲ್ವರು ದುಡಿ ಬಾರಿಸುತ್ತ ಹಾಡುವ ಬಾಳೋಪಾಟ್‌ನ ನಡಿಗೆಯಲ್ಲಿ ಬಾಸ್‌ಗೆ ಒಳ್ಳೆಯ ಅವಕಾಶವಿದೆ. ಆದರೆ ಡ್ರಮ್ ಮಶೀನಿನಲ್ಲಿ ವಾಲಗದ ತುಣುಕೊಂದನ್ನು ಕತ್ತರಿಸಿ ಹಾಕಿ ‘ಫ್ಯೂಷನ್’ ಎಂದು ಕರೆಯುವುದಾದರೆ ಅದರ ಗೋಜಿಗೆ ಹೋಗದಿರುವುದು ಲೇಸು. ವಾಲಗದವರನ್ನೇ ಕರೆದು, ಅವರ ಲಯಕ್ಕೆ ನಿಮ್ಮ ಡ್ರಮ್ಮರ್ ಹೊಂದಿಕೊಳ್ಳುವವರೆಗೆ ಕುಳಿತು, ತಂಡದವರಷ್ಟೇ ಸಂಭಾವನೆ ಕೊಟ್ಟು, ಧ್ವನಿಮುದ್ರಿಕೆಯಲ್ಲಿ ಅವರ ಹೆಸರನ್ನೂ ಹಾಕಬೇಕು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ಇಸಿಎಂ ಧ್ವನಿಮುದ್ರಿಕೆ ಸಂಸ್ಥೆಗೆ ನುಡಿಸಿದಾಗ ಮುಖಪುಟದ ಮೇಲೆ ಎರಡು ಹೆಸರುಗಳೂ ಇದ್ದವು. ಅಂಥದೊಂದು ಮೇಲ್ಪಂಕ್ತಿ ನಮ್ಮ ರಾಜ್ಯದಲ್ಲೇ ಇದೆ.

ಕಾರ್ಯಕ್ರಮ, ಸಂಭಾವನೆ, ಕರಾರು

ಹಣದ ವಿಚಾರದಲ್ಲಿ ಮುಚ್ಚುಮರೆ ಬೇಡ: ಜಾಝ್ ಒಂದರಿಂದಲೇ ಕೊಡಗಿನಲ್ಲಿ ಹೊಟ್ಟೆ ಹೊರೆಯಲಾಗದು. ಇದು ಹೊಸ ಸಂಕಟವೇನೂ ಅಲ್ಲ. ಚಿಕ್ ಚಾಕೊಲೇಟ್ ಎಂದೇ ಹೆಸರಾಗಿದ್ದ ಗೋವಾ ಮೂಲದ ಟ್ರಂಪೆಟ್ ವಾದಕ ಆಂಟೊನಿಯೊ ಝೇವಿಯರ್ ವಾಝ್ ಮುಂಬೈಯ ತಾಜ್ ಹೋಟೆಲಿನಲ್ಲಿ ಜಾಝ್ ನುಡಿಸುತ್ತಲೇ ಹಿಂದಿ ಚಿತ್ರಸಂಗೀತಕ್ಕೂ ದುಡಿದವರು. ಆದ್ದರಿಂದ ಮದುವೆಯ ರಿಸೆಪ್ಶನ್, ರೆಸಾರ್ಟಿನ ರಾತ್ರಿಯೂಟ, ಹೋಂಸ್ಟೇ ಮಾಲೀಕರ ವಾರ್ಷಿಕೋತ್ಸವ ಇವುಗಳಿಗೆ ನುಡಿಸಲು ಸಂಕೋಚಪಡಬೇಕಾಗಿಲ್ಲ. ಆದರೆ ಆ ಕೆಲಸಕ್ಕೆ ಬೇರೊಂದು ಹೆಸರು, ಬೇರೊಂದು ದರ ಇಟ್ಟುಕೊಳ್ಳಬೇಕು. ಒಮ್ಮೆ ‘ಅವರು ಸಿನಿಮಾ ಹಾಡು ಚೆನ್ನಾಗಿ ನುಡಿಸುತ್ತಾರೆ’ ಎಂದು ಹೆಸರಾದ ತಂಡಕ್ಕೆ ಅದೇ ಹೆಸರಿನಲ್ಲಿ ಜಾಝ್ ಕೇಳಲು ಯಾರೂ ಬರುವುದಿಲ್ಲ. ಇದರ ಜೊತೆಗೆ, ಒಣ ತಿಂಗಳುಗಳಲ್ಲಿ ತಿಂಗಳಿಗೊಂದರಂತೆ, ಊಟ-ಕುಡಿತದ ಗದ್ದಲವಿಲ್ಲದ, ನಲವತ್ತು ಐವತ್ತು ಕುರ್ಚಿಗಳ ಸ್ವಂತ ಕಛೇರಿಯೊಂದನ್ನು ಮಡಿಕೇರಿ, ಗೋಣಿಕೊಪ್ಪ ಅಥವಾ ವಿರಾಜಪೇಟೆಯಲ್ಲಿ ತಪ್ಪದೆ ನಡೆಸಬೇಕು. ಮೊದಮೊದಲು ನೆಂಟರೇ ಬರುತ್ತಾರೆ. ಬರಲಿ, ಆದರೆ ಟಿಕೆಟ್ ಕೊಂಡು ಬರಲಿ.

ಕರಾರನ್ನು ಬರೆದೇ ಮಾಡಿಕೊಳ್ಳಬೇಕು. ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರಾಗಿರುವ ನಾಡಿನಲ್ಲಿ ಇದು ಮುಜುಗರದ ಕೆಲಸ. ‘ನೋಡುವ, ಕೊಡುವ, ನೀವು ಮೊದಲು ಬನ್ನಿ’ ಎಂಬ ಮಾತು ಕೇಳದ ತಂಡವಿರಲಾರದು. ಮುದ್ರೆ ಹಾಕಿದ ಕಾಗದವೇ ಬೇಕೆಂದಿಲ್ಲ. ‘ಮಾವ, ನೀವು ಹೇಳಿದ್ದನ್ನು ನಾನು ಮರೆಯದಿರಲೆಂದು ಬರೆದು ಕಳುಹಿಸಿದ್ದೇನೆ, ಸರಿಯಿದೆಯೇ ನೋಡಿ’ ಎಂದು ವಾಟ್ಸಾಪಿನಲ್ಲಿ ಕಳುಹಿಸಿ, ಅವರಿಂದ ಒಪ್ಪಿಗೆಯ ಉತ್ತರ ಪಡೆದರೆ ಸಂಬಂಧವೂ ಉಳಿಯುತ್ತದೆ, ದಾಖಲೆಯೂ ಆಗುತ್ತದೆ. ಅದರಲ್ಲಿ ದಿನಾಂಕ, ನುಡಿಸುವ ಅವಧಿ (ನಲವತ್ತೈದು ನಿಮಿಷದ ಎರಡು ಭಾಗಗಳು ಸಾಕು), ಅರ್ಧದಷ್ಟು ಮುಂಗಡ, ಸೌಂಡ್ ಸಿಸ್ಟಮ್ ಯಾರದು, ಬಯಲಿನಲ್ಲಾದರೆ ವೇದಿಕೆಗೆ ಮೇಲ್ಛಾವಣಿ ಇದೆಯೇ, ಕಾರ್ಯಕ್ರಮ ರದ್ದಾದರೆ ಮುಂಗಡದ ಗತಿಯೇನು ಎಂಬುದೆಲ್ಲ ಇರಲಿ. ಊಟ, ರಾತ್ರಿ ತಂಗುವ ವ್ಯವಸ್ಥೆಯನ್ನೂ ಕೇಳಿಯೇ ಬರೆಯಬೇಕು. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದ ರಸ್ತೆಗಳಲ್ಲಿ ನಡುರಾತ್ರಿ ಆನೆ ಎದುರಾಗುವ ಭಯವಿರುವಾಗ ತಂಗುವ ಕೋಣೆ ಕೇಳುವುದು ಸಂಭಾವನೆಯ ಮೇಲಿನ ದುರಾಸೆಯಲ್ಲ.

ಬಂದ ಹಣವನ್ನು ಹಂಚುವ ಕ್ರಮವನ್ನು ಮೊದಲ ಕಾರ್ಯಕ್ರಮಕ್ಕೂ ಮುಂಚೆಯೇ ನಿರ್ಧರಿಸಬೇಕು. ಉದಾಹರಣೆಗೆ 30,000 ರೂಪಾಯಿ ಬಂತೆಂದುಕೊಳ್ಳೋಣ. ಪ್ರಯಾಣಕ್ಕೆ 4,000, ಸೌಂಡ್‌ಗೆ 6,000 ಕಳೆದರೆ 20,000 ಉಳಿಯುತ್ತದೆ. ಅದರಲ್ಲಿ ಐದನೆಯ ಒಂದು ಭಾಗವನ್ನು, ಅಂದರೆ 4,000ವನ್ನು ತಂಡದ ನಿಧಿಗೆ ಹಾಕಿದರೆ ನಾಲ್ವರಿಗೆ ತಲಾ 4,000 ಸಿಗುತ್ತದೆ. ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಮನೆ ಸೇರುವ ಕೆಲಸಕ್ಕೆ ಇದು ದೊಡ್ಡ ಮೊತ್ತವಲ್ಲ. ಆದರೂ ನಿಧಿಯ ಪಾಲನ್ನು ಬಿಡಬಾರದು. ತಂತಿ, ರೀಡ್, ಚರ್ಮದ ಪ್ಯಾಡು, ಧ್ವನಿಮುದ್ರಣ ಎಲ್ಲಕ್ಕೂ ಅದೇ ಆಧಾರ. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಜಾಝ್ ಕೇಳುಗರಿರುವ ಜಾಗಗಳಿವೆ, ಆದರೆ ಮಡಿಕೇರಿಯಿಂದ ಸುಮಾರು 260 ಕಿ.ಮೀ. ದೂರ, ಜಿಲ್ಲೆಗೆ ರೈಲೂ ಇಲ್ಲ. ಒಂದೇ ಕಾರ್ಯಕ್ರಮಕ್ಕೆ ಅಲ್ಲಿಗೆ ಹೋಗುವುದು ಕೈಯಿಂದ ಕಳೆದುಕೊಳ್ಳುವ ಬಾಬತ್ತು. ದಾರಿಯಲ್ಲಿ ಮೈಸೂರಿನಲ್ಲೊಂದು ಕಾರ್ಯಕ್ರಮ ಗೊತ್ತಾದ ಮೇಲೆಯೇ ಹೊರಡಬೇಕು.

ಕಾನೂನಿನ ವಿಷಯದಲ್ಲಿ ಮೂರು ಸಂಗತಿ. ಧ್ವನಿವರ್ಧಕಗಳನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಳಸದಂತೆ 2000ದ ಶಬ್ದಮಾಲಿನ್ಯ ನಿಯಮಗಳು ತಡೆಯುತ್ತವೆ. ಆದ್ದರಿಂದ ಕಾರ್ಯಕ್ರಮ ಏಳಕ್ಕೇ ಶುರುವಾಗಲಿ. ಬೇರೆಯವರ ಕೃತಿಗಳನ್ನು ವಾಣಿಜ್ಯ ಸ್ಥಳಗಳಲ್ಲಿ ನುಡಿಸಲು ರಚನಕಾರರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್‌ನಂಥ ಸಂಸ್ಥೆಯ ಪರವಾನಗಿ ಬೇಕಾಗಬಹುದು, ಅದನ್ನು ಪಡೆಯುವ ಹೊಣೆ ಏರ್ಪಡಿಸಿದವರದೆಂದು ಕರಾರಿನಲ್ಲೇ ಬರೆಸಬೇಕು. ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಂಭ್ರಮಗಳಿಗೆ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿಯಿದೆ. ಮೂರನೆಯದಾಗಿ, ಸ್ವಂತ ಕೃತಿ ಯಾರ ರಚನೆಯೆಂಬುದನ್ನು ಅದು ಹುಟ್ಟಿದ ವಾರದಲ್ಲೇ ಬರೆದಿಟ್ಟು ಎಲ್ಲರೂ ಸಹಿ ಹಾಕಬೇಕು. ಹಣ ಬರದಿರುವಾಗ ಯಾರಿಗೂ ಇದು ಮುಖ್ಯವೆನಿಸುವುದಿಲ್ಲ, ಹಾಗಾಗಿ ಆಗಲೇ ಬರೆಯುವುದು ಸುಲಭ.

ಧ್ವನಿಮುದ್ರಣ

ಮಳೆ ನಿಂತು, ಕೊಯ್ಲು ಬಿರುಸಾಗುವ ಮುನ್ನ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲರ್ಧದವರೆಗಿನ ದಿನಗಳು ಇದಕ್ಕೆ ಪ್ರಶಸ್ತ. ರಾತ್ರಿ ಜೀರುಂಡೆಗಳ ಸದ್ದು ಮೈಕಿಗೆ ಬೀಳುವುದರಿಂದ ಹಗಲಿನಲ್ಲೇ ನುಡಿಸುವುದು ಲೇಸು. ಎಲ್ಲರೂ ಒಂದೇ ಕೋಣೆಯಲ್ಲಿ, ಒಟ್ಟಿಗೆ ನುಡಿಸಬೇಕು. ಮೈಲ್ಸ್ ಡೇವಿಸ್ ತಮ್ಮ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯನ್ನು 1959ರಲ್ಲಿ ಎರಡೇ ದಿನಗಳಲ್ಲಿ ಹೀಗೆಯೇ ಮುಗಿಸಿದ್ದರು. ಬಿಡುಗಡೆಯಾದ ಮೇಲೆ ಸ್ಟ್ರೀಮಿಂಗ್‌ನಿಂದ ಹಣ ನಿರೀಕ್ಷಿಸಬಾರದು: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಸ್ಪಾಟಿಫೈ ರಾಯಧನವನ್ನೇ ಲೆಕ್ಕ ಹಾಕುವುದಿಲ್ಲ. ಆ ಧ್ವನಿಮುದ್ರಣದಿಂದ ಆಗುವ ನಿಜವಾದ ಪ್ರಯೋಜನವೆಂದರೆ ಕಾರ್ಯಕ್ರಮ ಕೊಡುವವರಿಗೆ ಕೇಳಿಸಲು ಹದಿನೈದು ನಿಮಿಷದ ನಿಮ್ಮದೇ ಸಂಗೀತ ಕೈಯಲ್ಲಿರುವುದು.

ಒಬ್ಬರು ಬಿಟ್ಟುಹೋದಾಗ

ಹೋಗಿಯೇ ಹೋಗುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ತೋಟದ ಜವಾಬ್ದಾರಿ ತಂದೆಯಿಂದ ಮಗನಿಗೆ ಬರುತ್ತದೆ. ಇದನ್ನು ದ್ರೋಹವೆಂದು ಎಣಿಸುವ ಬದಲು ಮುಂದಾಗಿ ಸಿದ್ಧರಾಗಿರುವುದು ಜಾಣತನ. ಎಲ್ಲ ಕೃತಿಗಳನ್ನೂ ಒಂದೊಂದು ಪುಟದ ಲೀಡ್ ಶೀಟ್ (ಕೃತಿಯ ಸ್ವರಗಳೂ ಕಾರ್ಡ್‌ಗಳ ಹೆಸರೂ ಇರುವ ಹಾಳೆ) ಆಗಿ, ಮೂರು ಪ್ರತಿಗಳಲ್ಲಿ ಬರೆದಿಡಬೇಕು: ಗಿಟಾರ್, ಕೀಬೋರ್ಡ್, ಬಾಸ್‌ಗಳಿಗೆ ಸಿ ಪ್ರತಿ, ಟೆನರ್ ಸ್ಯಾಕ್ಸೋಫೋನ್ ಮತ್ತು ಟ್ರಂಪೆಟ್‌ಗೆ ಬಿ-ಫ್ಲಾಟ್ ಪ್ರತಿ, ಆಲ್ಟೊಗೆ ಇ-ಫ್ಲಾಟ್ ಪ್ರತಿ. ವಾದ್ಯಗಳ ಶ್ರುತಿ ಬೇರೆ ಬೇರೆಯಾಗಿದ್ದು, ಕೀಬೋರ್ಡಿನ ಸಿ ಸ್ವರ ಟೆನರ್‌ಗೆ ಡಿ ಆಗಿಯೂ ಆಲ್ಟೊಗೆ ಎ ಆಗಿಯೂ ಬರೆಯಬೇಕಾಗುವುದರಿಂದ, ಈ ಕೆಲಸವನ್ನು ವೇದಿಕೆಯ ಪಕ್ಕದಲ್ಲಿ ಅವಸರದಿಂದ ಮಾಡಲಾಗದು. ಪ್ರತಿ ವಾದ್ಯಕ್ಕೂ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುವ ಒಬ್ಬ ಬದಲಿ ವಾದಕರನ್ನು ಗೊತ್ತುಮಾಡಿಕೊಂಡು, ವರ್ಷಕ್ಕೊಮ್ಮೆಯಾದರೂ ಮಳೆಗಾಲದ ತಾಲೀಮಿಗೆ ಬಸ್ ಚಾರ್ಜ್ ಕೊಟ್ಟು ಕರೆಸಬೇಕು. ತಂಡದ ಹೆಸರು ಯಾರಿಗೆ ಸೇರಿದ್ದು, ನಿಧಿಯಿಂದ ಕೊಂಡ ಆಂಪ್ಲಿಫೈಯರ್ ಯಾರ ಮನೆಯಲ್ಲಿ ಉಳಿಯುತ್ತದೆ, ಬಿಟ್ಟುಹೋಗುವವರ ಕೃತಿಗಳನ್ನು ಮುಂದೆಯೂ ನುಡಿಸಬಹುದೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಸಂಬಂಧ ಚೆನ್ನಾಗಿರುವಾಗಲೇ ಬರೆದುಕೊಳ್ಳಬೇಕು. ಹೊಸಬರು ಬಂದ ಮೇಲೆ ಅವರನ್ನು ನೇರವಾಗಿ ಹಳೆಯ ಪಟ್ಟಿಗೆ ಹೊಂದಿಸದೆ, ಮತ್ತೆ ಎಫ್ ಬ್ಲೂಸ್‌ನಿಂದಲೇ ಆರಂಭಿಸಿ, ಒಂದೆರಡು ವಾರ ಅದನ್ನೇ ನುಡಿಸುವುದು ಎಲ್ಲರಿಗೂ ಒಳ್ಳೆಯದು.